ಇಪ್ಪತ್ತೇಳನ್ನು ಒಳಗೆ ಬಿಟ್ಟ ಮೇಷ್ಟ್ರು

ಮೇಷ್ಟ್ರು ಹೋದ ಸುದ್ದಿ ನನಗೆ ಬಂದದ್ದು ವಾಟ್ಸಾಪಿನಲ್ಲಿ. ಮಧುಗಿರಿಯಲ್ಲಿ ಅವರ ಹತ್ತಿರ ಕಂಪ್ಯೂಟರ್ ಕಲಿತವರದ್ದೊಂದು ಗ್ರೂಪ್ ಇದೆ. ವರ್ಷವಿಡೀ ಅದರಲ್ಲಿ ಶುಭೋದಯದ ಹೂವು, ಸೈಟು ಮಾರಾಟ, ಯಾರದೋ ಮಗುವಿನ ನಾಮಕರಣ. ಅವತ್ತು ಬೆಳಿಗ್ಗೆ ಒಬ್ಬರು ಅವರ ಹಳೆಯ ಫೋಟೋ ಹಾಕಿ, ನಮ್ಮ ಸರ್ ಇನ್ನಿಲ್ಲ ಎಂದು ಬರೆದರು. ಹತ್ತು ನಿಮಿಷದಲ್ಲಿ ಎಲ್ಲರೂ ಕೈ ಮುಗಿದರು. ಎಂಥ ಗುರುಗಳು, ಅವರಿಂದಲೇ ನಾವು ಎಂದು ಒಬ್ಬರ ಮೇಲೊಬ್ಬರು ಬರೆದರು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಸೈಟು ಮಾರಾಟ ಶುರುವಾಯಿತು. ನನಗೆ ಮೈ ಉರಿದುಹೋಯಿತು. ಕೊನೆಯ ಮೂರು ವರ್ಷದಲ್ಲಿ ಇವರಲ್ಲಿ ಒಬ್ಬರಾದರೂ ಶಿರಾಕ್ಕೆ ಹೋಗಿ ಅವರ ಬಾಗಿಲು ತಟ್ಟಿದ್ದರೇ? ಕೇಳುವ ಯೋಗ್ಯತೆ ನನಗೂ ಇಲ್ಲ. ನಾನೂ ಹೋಗಿರಲಿಲ್ಲ. ಅವರೆಲ್ಲ ಸೋಮಾರಿತನದಿಂದ ಹೋಗಲಿಲ್ಲ, ನಾನು ಮುಖ ತೋರಿಸಲಾರದೆ ಹೋಗಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಕಾಗದದ ಕೆಳಗೆ ಅವರಿಂದ ಹೆಸರು ಬರೆಸಿಕೊಂಡಾಗ ನಾನು ಎದುರಿಗೇ ಕೂತಿದ್ದೆ. ಅಷ್ಟು ಸಾಕು. ನಾವೆಲ್ಲ ಎದುರಿಗೆ ಸರ್ ಎಂದೂ ಹಿಂದೆ ಮೇಷ್ಟ್ರು ಎಂದೂ ಕರೆಯುತ್ತಿದ್ದೆವು. ಶಿರಾದ ಹಳೆಯ ಸಾಬರ ಕೇರಿಯವರು. ತಂದೆ ಬೀಗ ರಿಪೇರಿ ಮಾಡುತ್ತಿದ್ದರಂತೆ. ದಿನಾ ಬೆಳಿಗ್ಗೆ ಶಿರಾದಿಂದ ಬಸ್ಸಿನಲ್ಲಿ ಮಧುಗಿರಿಗೆ ಬಂದು, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಆರು ಕಂಪ್ಯೂಟರ್, ಅದರಲ್ಲಿ ಒಂದು ಯಾವಾಗಲೂ ಕೆಟ್ಟಿರುತ್ತಿತ್ತು. ಕಿಟಕಿ ತೆರೆದರೆ ಎದುರಿಗೆ ಬೆಟ್ಟದ ಬಂಡೆ, ಕೆಳಗಿನಿಂದ ಪಾತ್ರೆ ಬಡಿಯುವ ಸದ್ದು.

ನಾನು ಕೊಳಾಲದವಳು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತು ಎಲ್ಲರ ಜೊತೆ ಜಗಳವಾಡುತ್ತಿದ್ದ ಕಾಲ. ಇವಳ ಬಾಯಿ ಮೂರು ತಿಂಗಳಾದರೂ ಮನೆಯಿಂದ ಆಚೆ ಇರಲಿ ಎಂದು ನಮ್ಮಪ್ಪ ನನ್ನನ್ನು ಆ ಕ್ಲಾಸಿಗೆ ಸೇರಿಸಿದರು. ಬೇರೆ ಕಡೆಯೆಲ್ಲ ಮೊದಲ ದಿನ ಬಣ್ಣಬಣ್ಣದ ಚಿತ್ರ ಬಿಡಿಸುವುದು ಕಲಿಸುತ್ತಾರೆ. ಇವರು ಕಪ್ಪು ಪರದೆ ತೆಗೆದು ಕೂರಿಸಿದರು. ಇದೇನು ಸರ್, ನಮ್ಮಜ್ಜಿ ಕಾಲದ ಕಂಪ್ಯೂಟರ್ರಾ ಎಂದೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು. "ಬಾಯಿ ಚೆನ್ನಾಗೈತೆ ಬೇಟಿ ನಿಂದು. ಕೈ ಹೆಂಗೈತೆ ನೋಡಾನ" ಎಂದರು.

ಆ ದಿನದ ಪಾಠ ನನಗೆ ಇವತ್ತಿಗೂ ಅಕ್ಷರಕ್ಷರವೂ ನೆನಪಿದೆ. ನಮ್ಮೆಲ್ಲರ ಹೆಸರನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದರಂತೆ ಬರೆಸಿದರು. ಆಮೇಲೆ ಒಂದು ಬ್ಯಾಚ್ ಫೈಲು. ಬ್ಯಾಚ್ ಫೈಲು ಎಂದರೆ ಕಂಪ್ಯೂಟರಿಗೆ ಒಂದರ ಕೆಳಗೊಂದು ಬರೆದಿಟ್ಟ ಅಪ್ಪಣೆಗಳು, ಅಷ್ಟೆ. ಅದು ಹೆಸರು ಕೇಳುತ್ತದೆ, ನಾವು ಒತ್ತಿದ್ದನ್ನು ಫೈಲಿನಲ್ಲಿ ಹುಡುಕುತ್ತದೆ, ಇದ್ದರೆ ಬನ್ನಿ ಎನ್ನುತ್ತದೆ, ಇಲ್ಲದಿದ್ದರೆ ಇಲ್ಲ ಎನ್ನುತ್ತದೆ. ಎಲ್ಲರೂ ತಮ್ಮ ಹೆಸರು ಒತ್ತಿ ಬನ್ನಿ ಅನ್ನಿಸಿಕೊಂಡು ಹಲ್ಲು ಕಿರಿದರು. ನಾನು ಬೇಕೆಂದೇ ಬರೀ ಒಂದು ಅಕ್ಷರ ಒತ್ತಿದೆ. ಅದಕ್ಕೂ ಬನ್ನಿ ಎಂದಿತು. ಇದು ದಡ್ಡ ಪ್ರೋಗ್ರಾಂ ಸರ್ ಎಂದು ಕೂಗಿದೆ.

ಅವರ ಮುಖ ಅರಳಿಬಿಟ್ಟಿತು. "ನೋಡ್ರಪ್ಪ, ಎಲ್ಲಾರೂ ಬಾಗಿಲಿಂದ ಬಂದ್ರು. ಈಯಮ್ಮ ಬೇಲಿ ಎಲ್ಲಿ ಹರ್ದೈತೆ ಅಂತ ನೋಡಿದ್ಲು. ಒತ್ತಿದ್ದು ಯಾವ್ದಾದ್ರೂ ಸಾಲಿನ ಹೊಟ್ಟೆಯೊಳ್ಗಿದ್ರೂ ಸಾಕು, ಐತೆ ಅಂದ್ಬುಡ್ತದೆ ಇದು. ಪೂರ್ತಿ ಸಾಲು ಹೊಂದಬೇಕು ಅಂತ ನಾವೇ ಹೇಳ್ಬೇಕು" ಎಂದು ಹುಡುಕುವ ಅಪ್ಪಣೆಯ ಮುಂದೆ ಒಂದು ಓರೆ ಗೆರೆ, ಒಂದು ಎಕ್ಸ್ ಸೇರಿಸಿದರು. ಎರಡೇ ಎರಡು ಕೀಲಿ ಒತ್ತಿದ್ದು. ಆಮೇಲೆ ನನ್ನ ಒಂಟಿ ಅಕ್ಷರಕ್ಕೆ ಇಲ್ಲ ಎಂದು ಬಂತು.

ಎರಡು ವಾರಕ್ಕೇ ನನ್ನನ್ನು ಹೊಸಬರಿಗೆ ಹೇಳಿಕೊಡಲು ಕೂರಿಸಿದರು. ಮೂರು ತಿಂಗಳಿಗೆಂದು ಹೋದವಳು ನಾಲ್ಕು ವರ್ಷ ಅಲ್ಲೇ ಇದ್ದೆ. ಅವರು ಏನನ್ನೂ ನೇರವಾಗಿ ಕಂಪ್ಯೂಟರಿನಲ್ಲಿ ಬರೆಯುತ್ತಿರಲಿಲ್ಲ. ಹಳೆಯ ಮದುವೆ ಕಾರ್ಡುಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು, ತುಟಿ ಅಲ್ಲಾಡಿಸುತ್ತ ಓದಿ, ಆಮೇಲೆ ಕೀಲಿಮಣೆ ಮುಟ್ಟುವರು. ಪೆನ್ ಡ್ರೈವಿಗೆ ದಾರ ಕಟ್ಟಿ ಜೇಬಿನ ಗುಂಡಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಚಹಾ ಕುಡಿಯುವಾಗ ಮಾತ್ರ ಮಾತಾಡುವರು. ಪ್ರೋಗ್ರಾಂ ಹೆಸರು ಕೇಳುವ ಮೊದಲು ಹಿಂದಿನ ಉತ್ತರವನ್ನು ಅಳಿಸಬೇಕು ಎನ್ನುವುದು ಅವರ ದೊಡ್ಡ ಹಟ. ಯಾರಾದರೂ ಏನೂ ಬರೆಯದೆ ಸುಮ್ಮನೆ ಎಂಟರ್ ಒತ್ತಿದರೆ ಅವನಿಗಿಂತ ಮುಂಚೆ ಬಂದವನ ಉತ್ತರವೇ ಉಳಿದುಕೊಂಡಿರುತ್ತದೆ, ಇವನೂ ಒಳಗೆ ಹೋಗಿಬಿಡುತ್ತಾನೆ. "ಒಬ್ರು ಉಂಡ ತಟ್ಟೆ ತೊಳೀದೆ ಇನ್ನೊಬ್ರಿಗೆ ಬಡಿಸ್ತೀಯೇನಮ್ಮ?" ಎಂದು ಗದರಿ, ಆ ಒಂದು ಸಾಲು ಮರೆತದ್ದಕ್ಕೆ ನನ್ನನ್ನು ಒಮ್ಮೆ ಇಡೀ ದಿನ ಮಾತಾಡಿಸಲಿಲ್ಲ. ಅಷ್ಟು ಕಟ್ಟುನಿಟ್ಟು. ಇದನ್ನು ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಅವರು ಗೊತ್ತಿಲ್ಲದೆ ತಪ್ಪು ಮಾಡುವ ಮನುಷ್ಯರಾಗಿರಲಿಲ್ಲ.

ಒಂದೇ ಒಂದು ಸಲ ಮಾಡಿದ್ದು ನನಗೆ ಗೊತ್ತು. ವೈ.ಎನ್. ಹೊಸಕೋಟೆಯಲ್ಲಿ ಊರಿನ ಕೆಲವರು ಸೇರಿ ಕಣ್ಣಿನ ಶಿಬಿರ ಮಾಡಿದ್ದರು. ಆಪರೇಷನ್ನಿಗೆ ಆರಿಸಿದವರಿಗೆ ಮೊದಲೇ ಟೋಕನ್ ಕೊಟ್ಟಿದ್ದರು. ಟೋಕನ್ ನಂಬರು ಒತ್ತಿ ಪಟ್ಟಿಯಲ್ಲಿ ಇದೆಯೋ ಇಲ್ಲವೋ ನೋಡಿ ಒಳಗೆ ಕಳಿಸುವ ಏರ್ಪಾಡು ನಮ್ಮದು. ಲ್ಯಾಪ್‌ಟಾಪ್ ಮುಂದೆ ನಾನು ಕೂತಿದ್ದೆ. ಒಬ್ಬ ಮುದುಕ ಬಂದ. ನಂಬರು ಒತ್ತಿದೆ, ಇಲ್ಲ ಎಂದಿತು. ಮತ್ತೆ ಒತ್ತಿದೆ, ಇಲ್ಲ. ಹಿಂದೆ ಜನ ನೂಕುತ್ತಿದ್ದರು. ನಿಮ್ಮದು ಇಲ್ಲ ತಾತ, ಹೋಗಿ ಎಂದೆ. ಅವನು ಗೋಡೆ ಹಿಡಿದುಕೊಂಡು ಹೊರಟುಹೋದ.

ಮೇಷ್ಟ್ರಿಗೆ ಇನ್ನೊಂದು ಅಭ್ಯಾಸವಿತ್ತು. ಒಳಗೆ ಬಂದವರ ನಂಬರನ್ನು ಎಲ್ಲರೂ ಬರೆದಿಡುತ್ತಾರೆ. ಇವರು ವಾಪಸ್ ಹೋದವರದ್ದಕ್ಕೂ ಬೇರೆ ಫೈಲು ಇಟ್ಟು, ದಿನದ ಕೊನೆಗೆ ಅದನ್ನೇ ಮೊದಲು ತೆಗೆಯುತ್ತಿದ್ದರು. ಆ ಸಂಜೆ ತೆಗೆದು ನೋಡಿದರೆ ಮುದುಕನ ನಂಬರು ಪಟ್ಟಿಯಲ್ಲಿ ಇದ್ದೇ ಇದೆ. ಆದರೆ ಪಟ್ಟಿ ಟೈಪ್ ಮಾಡಿದವರು ಆ ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಬಿಟ್ಟಿದ್ದಾರೆ. ಕಣ್ಣಿಗೆ ಕಾಣುವುದಿಲ್ಲ. ನಮ್ಮದು ಪೂರ್ತಿ ಸಾಲು ಹೊಂದಬೇಕೆನ್ನುವ ಪ್ರೋಗ್ರಾಂ. ಹೊಂದಲಿಲ್ಲ. ಮರುದಿನ ಮೇಷ್ಟ್ರು ಆಟೋ ಮಾಡಿಕೊಂಡು ಆ ಮುದುಕನ ಹಳ್ಳಿ ಹುಡುಕಿಕೊಂಡು ಹೊರಟರು, ನನ್ನನ್ನೂ ಕರೆದುಕೊಂಡು. ಶಿಬಿರ ಮುಗಿದು ಡಾಕ್ಟರುಗಳು ಹೊರಟುಹೋಗಿದ್ದರು. ತಪ್ಪು ನಂದು ಎಂದು ಹೇಳುವುದಕ್ಕಷ್ಟೇ ಹೋದದ್ದು. ಮುದುಕ ಕಟ್ಟೆಯ ಮೇಲೆ ಕೂತು, "ಪೋನೀಲೆ ಸಾಮಿ, ಹೋಗ್ಲಿ ಬುಡಿ, ಬರೋ ವರ್ಷ ನೋಡಾನ" ಎಂದ. ವಾಪಸ್ ಬರುವಾಗ ಮೇಷ್ಟ್ರು ಒಂದೇ ಮಾತು ಆಡಿದ್ದು. "ಇಲ್ಲ ಅನ್ನೋದು ಕಂಪ್ಯೂಟರಿಗೆ ಸಲೀಸು ಬೇಟಿ. ಅನ್ನಿಸ್ಕಂಡೋರು ಊರ್ತನಕ ನಡೀಬೇಕಲ್ಲ." ಅವತ್ತು ಊಟ ಮಾಡಲಿಲ್ಲ.

ಅದಾದ ಎರಡು ವರ್ಷಕ್ಕೆ ರಾಯಚರ್ಲು ಕಡೆಯ ಒಂದು ಸೋಲಾರ್ ಪ್ಲಾಂಟಿನ ಗೇಟಿನ ಕೆಲಸ ಅವರಿಗೆ ಸಿಕ್ಕಿತು. ಕಂಪನಿಯದಲ್ಲ, ಕೆಳಗಿನ ಗುತ್ತಿಗೆಯವರದು. ಸೋಲಾರ್ ಪ್ಲೇಟು ತೊಳೆಯಲು, ಹುಲ್ಲು ಕೀಳಲು ದಿನಾ ಟೆಂಪೋಗಳಲ್ಲಿ ಹೆಂಗಸರು ಬರುತ್ತಾರೆ. ಪ್ರತಿಯೊಬ್ಬರಿಗೂ ಪಾಸ್ ನಂಬರು. ಗೇಟಿನ ಕಂಪ್ಯೂಟರಿನಲ್ಲಿ ತಮ್ಮ ನಂಬರು ತಾವೇ ಒತ್ತಬೇಕು, ಬನ್ನಿ ಎಂದರೆ ಒಳಗೆ. ಅದೇ ಅವತ್ತಿನ ಹಾಜರಿ. ಮೇಷ್ಟ್ರು ಪ್ರೋಗ್ರಾಂ ಬರೆದುಕೊಟ್ಟರು, ಗೇಟಿನಲ್ಲಿ ಕೂರಲು ನನ್ನ ಹೆಸರು ಹೇಳಿದರು. ನನ್ನ ಮೊದಲ ಸಂಬಳದ ಕೆಲಸ ಅದು. ಪಾವಗಡದಲ್ಲಿ ರೂಮು ಮಾಡಿದೆ.

ಅಂಕಿ ಓದಲು ಬಾರದ ಹೆಂಗಸರಿಗೆ ಅವರು ಮೂರು ದಿನ ಗೇಟಿನಲ್ಲಿ ಕೂತು, ಕೀಲಿಮಣೆಯ ಬಲಬದಿಯಲ್ಲಿ ಕೆಳಗಿನಿಂದ ಮೇಲಕ್ಕೆ ಜೋಡಿಸಿದ ಅಂಕಿ ಕೀಲಿಗಳ ಜಾಗ ಕಲಿಸಿದರು. ಇಪ್ಪತ್ತೇಳನೇ ನಂಬರಿನ ನರಸಮ್ಮನಿಗೆ, "ಕೆಳಗಿನ ಸಾಲ್ನಾಗೆ ನಡೂಕಿರೋದು, ಆಮೇಲೆ ಮೇಲಿನ ಸಾಲ್ನಾಗೆ ಮೊದಲ್ನೇದು. ಮುಗೀತು. ಅದೇ ನೀನು" ಎಂದು ಹೇಳಿಕೊಟ್ಟದ್ದು ನನ್ನ ಕಣ್ಣೆದುರಿಗೇ. ನರಸಮ್ಮ ಸಣಕಲು ಹೆಂಗಸು, ಅಲ್ಲಿಯದೇ ಒಂದು ಹಳ್ಳಿಯವಳು. ಒಂದೊಂದು ಬೆರಳಿನಿಂದ ಒತ್ತಿ, ಬನ್ನಿ ಎಂದು ಬಂದ ಕೂಡಲೇ ಪರದೆಗೆ ಕೈ ಮುಗಿದು ಒಳಗೆ ಹೋಗುವಳು. ಕಂಪ್ಯೂಟರಿಗೆ ಯಾಕೆ ಮುಗೀತೀಯಮ್ಮ, ನನಗೆ ಮುಗಿ ಎಂದರೆ ನಗುವಳು.

ಮೊದಲು ಸೇರಿದವರೆಲ್ಲ ಸುತ್ತಲಿನ ಹಳ್ಳಿಗಳವರು. ಅವರದ್ದು ಎರಡಂಕಿಯ ನಂಬರು. ಆಮೇಲಾಮೇಲೆ ಬಂದವರದ್ದು ಮೂರಂಕಿ. ಮೂರನೇ ವರ್ಷ ಗುತ್ತಿಗೆ ಕೈ ಬದಲಾಯಿತು. ಹೊಸಬರು ದೂರದಿಂದ ತಮ್ಮದೇ ಜನ ತರಿಸಿದರು. ಹಳೆಯವರು ರಜಾ ಕೇಳುತ್ತಾರೆ, ನೀರು ನೆರಳು ಕೇಳುತ್ತಾರೆ, ನಮ್ಮೂರು ಎನ್ನುತ್ತಾರೆ. ಅವರು ಬೇಡ. ಬೇಡ ಎಂದು ಮುಖ ನೋಡಿ ಹೇಳುವ ಧೈರ್ಯ ಯಾರಿಗೂ ಇಲ್ಲ. ಪ್ರತಿ ಸೋಮವಾರ ಆಫೀಸಿನಿಂದ ಹೊಸ ಪಟ್ಟಿ ಬರುತ್ತದೆ, ಅದನ್ನು ಗೇಟಿನ ಫೈಲಿಗೆ ಹಾಕುವುದು ನನ್ನ ಕೆಲಸ. ಒಂದು ಸೋಮವಾರ ಪಟ್ಟಿಯಲ್ಲಿ ಇಪ್ಪತ್ತೇಳು ಇರಲಿಲ್ಲ. ಮೂವತ್ತೊಂದು, ಮೂವತ್ತನಾಲ್ಕೂ ಇರಲಿಲ್ಲ. ಬಂದ ಪಟ್ಟಿಯನ್ನೇ ಫೈಲಿಗೆ ಹಾಕಿದೆ. ನರಸಮ್ಮ ಬಂದಳು, ಒತ್ತಿದಳು. ಬನ್ನಿ ಎಂದಿತು. ಕೈ ಮುಗಿದು ಒಳಗೆ ಹೋದಳು.

ಆಫೀಸಿನವರೇ ಏನೋ ಸರಿ ಮಾಡಿರಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ ಏನೂ ಅಂದುಕೊಳ್ಳಲಿಲ್ಲ. ಕೆದಕಿದರೆ ನಾನೇ ಹೋಗು ಎನ್ನಬೇಕಾಗುತ್ತದೆ. ಸುಮ್ಮನಾದೆ. ಒಂದೊಂದಾಗಿ ಹನ್ನೊಂದು ಹಳೆಯ ನಂಬರುಗಳು ಪಟ್ಟಿಯಿಂದ ಹೋದವು. ಹನ್ನೊಂದು ಜನರೂ ಎಂಟು ತಿಂಗಳು ದಿನಾ ಬಂದರು, ಕೆಲಸ ಮಾಡಿದರು, ಸಂಬಳ ತೆಗೆದುಕೊಂಡರು.

ಆಮೇಲೆ ಹೊಸ ಮ್ಯಾನೇಜರ್ ಬಂದ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಇಸ್ತ್ರಿ ಷರ್ಟು. ಪಟ್ಟಿಯಲ್ಲಿ ಇರುವವರಿಗಿಂತ ಗೇಟಿನಲ್ಲಿ ಬರುವವರು ಜಾಸ್ತಿ ಎನ್ನುವುದು ಅವನ ಕಣ್ಣಿಗೆ ಬಿತ್ತು. "ಮೇಡಂ, ನೀವು ಕಂಪ್ಯೂಟರ್ ಕಲಿಸ್ತಿದ್ರಂತೆ. ಇದು ನಿಮಗೆ ಗೊತ್ತಾಗಲ್ವಾ? ಇಲ್ಲ ಅಂದ್ರೆ ಬೆಂಗಳೂರಿಂದ ಯಾರನ್ನಾದ್ರೂ ಕರೆಸ್ತೀನಿ" ಎಂದ. ಆ ಮಾತು ನನಗೆ ಚುಚ್ಚಿತು. ನನಗೆ ಗೊತ್ತಾಗದೆ ಇರುವುದೇ? ಅಲ್ಲಿಯೇ, ಅವನ ಮುಂದೆಯೇ ಮೇಷ್ಟ್ರ ಬ್ಯಾಚ್ ಫೈಲು ತೆಗೆದೆ. ಪುಟ್ಟ ಫೈಲು. ಒಂದೊಂದು ಸಾಲೂ ಅವರ ಕೈಬರಹದಷ್ಟು ಪರಿಚಿತ. ತಟ್ಟೆ ತೊಳೆಯುವ ಸಾಲು ಇತ್ತು. ವಾಪಸ್ ಹೋದವರ ಫೈಲು ಇತ್ತು. ಹುಡುಕುವ ಸಾಲಿಗೆ ಬಂದೆ. ಓರೆ ಗೆರೆಯೂ ಇಲ್ಲ, ಎಕ್ಸೂ ಇಲ್ಲ.

ಇಪ್ಪತ್ತೇಳನ್ನು ಪಟ್ಟಿಯಿಂದ ತೆಗೆದಿದ್ದರು. ಆದರೆ ನೂರಾ ಇಪ್ಪತ್ತೇಳು ಇತ್ತು, ಇನ್ನೂರಾ ಎಪ್ಪತ್ತನಾಲ್ಕು ಇತ್ತು. ಅವುಗಳ ಹೊಟ್ಟೆಯಲ್ಲಿ ಎರಡರ ಮುಂದೆ ಏಳು ಇತ್ತು. ಪೂರ್ತಿ ಸಾಲು ಹೊಂದಬೇಕೆಂದು ಹೇಳದ ಪ್ರೋಗ್ರಾಂ ಅದನ್ನು ಕಂಡು ಬನ್ನಿ ಎನ್ನುತ್ತಿತ್ತು. ಹಳೆಯವರ ನಂಬರು ಚಿಕ್ಕದು, ಹೊಸಬರದು ಉದ್ದ. ಹೊಸಬರು ಎಷ್ಟು ಜನ ಬಂದರೆ ಹಳೆಯವರು ಅಷ್ಟು ಭದ್ರ.

ನನಗೆ ಆಗ ಏನಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಖುಷಿಯಾಯಿತು. ಮೇಷ್ಟ್ರ ತಪ್ಪನ್ನು ನಾನು ಹಿಡಿದೆ ಎನ್ನುವ ಖುಷಿ. "ಸಿಕ್ತು ಸರ್, ಎರಡೇ ಅಕ್ಷರ" ಎಂದು ಮ್ಯಾನೇಜರಿಗೆ ತೋರಿಸಿದೆ. ಅವನು ನೋಡುತ್ತಿದ್ದಂತೆಯೇ ಆ ಎರಡನ್ನು ಸೇರಿಸಿ ಉಳಿಸಿದೆ. ಸೂಪರ್ ಮೇಡಂ ಎಂದ. ಅವನು ಹೊರಗೆ ಹೋದ ಮೇಲೆ ಕುರ್ಚಿಯಲ್ಲಿ ಕೂತವಳಿಗೆ ಪಾತ್ರೆ ಅಂಗಡಿಯ ಮೇಲಿನ ಆ ಮೊದಲ ದಿನ ನೆನಪಾಯಿತು. ಆ ಮನುಷ್ಯ ಇದನ್ನು ಮರೆಯುವುದುಂಟೇ? ತಿರುಗಿ ಅಳಿಸಲು ಫೈಲು ತೆರೆದೆ. ಮ್ಯಾನೇಜರ್ ಆಗಲೇ ಅದನ್ನು ತನ್ನ ಮೇಲಿನವರಿಗೆ ಕಳಿಸಿಬಿಟ್ಟಿದ್ದ. ಮುಚ್ಚಿದೆ.

ಮರುದಿನ ಬೆಳಿಗ್ಗೆ ಟೆಂಪೋ ಬಂತು. ನರಸಮ್ಮ ಸಾಲಿನಲ್ಲಿ ಮುಂದೆಯೇ ಇದ್ದಳು. ಕೆಳಗಿನ ಸಾಲಿನ ನಡುವಿನದು, ಮೇಲಿನ ಸಾಲಿನ ಮೊದಲನೆಯದು. ಇಲ್ಲ ಎಂದು ಬಂತು. ಅವಳಿಗೆ ಓದಲು ಬಾರದು, ಆದರೆ ದಿನಾ ಬರುವ ಅಕ್ಷರ ಅಲ್ಲ ಎನ್ನುವುದು ಗೊತ್ತಾಯಿತು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು.

"ಕೈ ಮಣ್ಣಾಗಿತ್ತೇನೋ ಕಣಮ್ಮ. ಇನ್ನೊಂದ್ಸಲ ಒತ್ಲಾ?"

"ಒತ್ತಮ್ಮ" ಎಂದೆ. ಬೇರೆ ಏನನ್ನಲಿ?

ಐದು ಸಲ ಒತ್ತಿದಳು. ಹಿಂದಿದ್ದವಳು, "ಏಮಕ್ಕಾ, ಮರ್ತೋದ್ಯಾ ನಂಬರು?" ಎಂದು ನಕ್ಕಳು. ಅವಳ ಸರದಿ ಬಂದಾಗ ಅವಳಿಗೂ ಇಲ್ಲ. ಆಮೇಲೆ ಯಾರೂ ನಗಲಿಲ್ಲ. "ನೀನಾರ ಹೇಳಮ್ಮಾ, ನಾವೇನು ತಪ್ಪು ಮಾಡಿದ್ವಿ?" ಎಂದು ನರಸಮ್ಮ ನನ್ನ ಮೇಜು ಹಿಡಿದುಕೊಂಡು ಕೇಳಿದಳು. "ನನ್ನ ಕೈಲಿ ಏನೂ ಇಲ್ಲ ಕಣಮ್ಮ, ಪಟ್ಟಿಯಲ್ಲಿ ಇಲ್ಲ" ಎಂದೆ. ಎಲ್ಲ ಆಫೀಸುಗಳಲ್ಲೂ ನನ್ನಂಥವರು ಆಡುವ ಮಾತನ್ನೇ ಆಡಿದೆ. ಟೆಂಪೋ ಹೊರಟುಹೋಗಿತ್ತು. ಹನ್ನೊಂದು ಜನರೂ ಬಿಸಿಲಿನಲ್ಲಿ ಪ್ಲೇಟುಗಳ ಪಕ್ಕದ ರಸ್ತೆ ಹಿಡಿದು ನಡೆದರು. ಆ ರಸ್ತೆಗೆ ಮರವಿಲ್ಲ. ಬಹಳ ಹೊತ್ತು ಕಾಣುತ್ತಿದ್ದರು.

ಎರಡು ದಿನಕ್ಕೆ ಮೇಷ್ಟ್ರನ್ನು ಕರೆಸಿದರು. ಆಫೀಸ್ ಕೋಣೆಯಲ್ಲಿ ಮ್ಯಾನೇಜರ್, ಅವನ ಮೇಲಿನವನೊಬ್ಬ, ನಾನು. ಮೇಷ್ಟ್ರು ಬಿಳಿ ಷರ್ಟು ಹಾಕಿಕೊಂಡು, ಪೆನ್ ಡ್ರೈವ್ ಸಿಕ್ಕಿಸಿಕೊಂಡು ಬಂದರು. ನನ್ನನ್ನು ನೋಡಿ ತಲೆ ಆಡಿಸಿದರು. ಮೇಲಿನವನು ಕಾಗದದಲ್ಲಿ ಆ ಸಾಲನ್ನು ತೋರಿಸಿ ಇದೇನು ಎಂದ. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಮೊದಲ ಸಲ ನೋಡುತ್ತಿರುವವರಂತೆ ನಿಧಾನವಾಗಿ ಓದಿದರು. "ತಪ್ಪಾಗೈತೆ ಸ್ವಾಮಿ. ಗೊತ್ತಾಗ್ಲಿಲ್ಲ" ಎಂದರು.

"ಗೊತ್ತಾಗಲಿಲ್ವೋ, ಬೇಕು ಅಂತ ಮಾಡಿದ್ದೋ? ಬೇಕು ಅಂತ ಆದ್ರೆ ಪೊಲೀಸ್ ಕಂಪ್ಲೇಂಟ್ ಆಗುತ್ತೆ. ಆ ಹೆಂಗಸರ ಮೇಲೂ ಆಗುತ್ತೆ" ಎಂದ ಮೇಲಿನವನು.

"ಗೊತ್ತಾಗ್ಲಿಲ್ಲ."

ಅವನು ನನ್ನ ಕಡೆ ತಿರುಗಿದ. "ನೀವು ಇವರ ಸ್ಟೂಡೆಂಟ್ ಅಲ್ವಾ? ಇದು ಇವರಿಗೆ ಗೊತ್ತಿರೋ ವಿಷಯಾನಾ?"

ಮೇಷ್ಟ್ರು ನನ್ನನ್ನು ನೋಡಲಿಲ್ಲ. ಮೇಜಿನ ಮೇಲಿನ ಕಾಗದವನ್ನೇ ನೋಡುತ್ತಿದ್ದರು. "ಇಲ್ಲ ಸರ್" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಅವರು ಹಳೇ ಕಾಲದೋರು. ಇವೆಲ್ಲ ಅವರಿಗೆ ಅಷ್ಟು ಗೊತ್ತಿಲ್ಲ. ಕ್ಲಾಸಿನಲ್ಲೂ ನಾವೇ ಎಷ್ಟೋ ಸಲ ಸರಿ ಮಾಡ್ತಿದ್ವಿ" ಎಂದೂ ಸೇರಿಸಿದೆ. ಅವರನ್ನೂ ಹೆಂಗಸರನ್ನೂ ಉಳಿಸಲು ಹಾಗೆ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಇಲ್ಲ ಎನ್ನುವ ಒಂದು ಮಾತು ಅವರನ್ನು ಉಳಿಸಲು. ಉಳಿದ ಮೂರು ಮಾತು ನನ್ನ ಕುರ್ಚಿ ಉಳಿಸಲು. "ನನ್ನ ಅರಿವುಗೇಡಿನಿಂದ ಈ ದೋಷವಾಗಿದೆ" ಎಂದು ಅವರಿಂದ ಬರೆಸಿಕೊಂಡರು. ಹೆಸರು ಬರೆದು, ಕೆಳಗೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ ನನ್ನ ಕೈಗೇ ಕೊಟ್ಟರು. ಪೆನ್ನು ನನ್ನದೇ ಆಗಿತ್ತು.

ಆ ಕಾಗದ ಬೇರೆ ಗೇಟುಗಳಿಗೂ ಹೋಯಿತು. ಅವರಿಗಿದ್ದ ಎರಡು ಮೂರು ಕಡೆಯ ಕೆಲಸಗಳು ನಿಂತವು. ಎರಡಕ್ಷರ ಬಿಟ್ಟ ಮೇಷ್ಟ್ರು ಎಂದು ಮಧುಗಿರಿಯಲ್ಲಿ ಹುಡುಗರು ತಮಾಷೆ ಮಾಡಿದರಂತೆ. ಕ್ಲಾಸು ಮುಚ್ಚಿತು. ಶಿರಾದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದಾರೆ ಎಂದು ಕೇಳಿದೆ. ನನಗೆ ಬಡ್ತಿ ಸಿಕ್ಕಿತು. ಈಗ ಆ ಸುತ್ತಿನ ನಾಲ್ಕು ಗೇಟುಗಳಿಗೆ ನಾನೇ ಮೇಲ್ವಿಚಾರಕಿ. ಪೂರ್ತಿ ಸಾಲು ಹೊಂದದವರು ಯಾರೂ ಒಳಗೆ ಬರುವುದಿಲ್ಲ.

ಅವರನ್ನು ಆಮೇಲೆ ಒಂದೇ ಸಲ ಕಂಡದ್ದು, ಶಿರಾ ಬಸ್ ಸ್ಟ್ಯಾಂಡಿನಲ್ಲಿ. ನಾನು ನೋಡದ ಹಾಗೆ ಬಸ್ಸು ಹತ್ತುವವಳಿದ್ದೆ. ಅವರೇ ಕರೆದರು. ಚಹಾ ಕೊಡಿಸಿದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಜೇಬಿನಲ್ಲಿ ಪೆನ್ ಡ್ರೈವ್ ಇರಲಿಲ್ಲ. ಕೆಲಸ ಹೇಗಿದೆ ಎಂದು ಕೇಳಿದರು. ಆಮೇಲೆ, "ಇಪ್ಪತ್ತೇಳು ಹೆಂಗವ್ಳೆ?" ಎಂದರು.

"ಗೊತ್ತಿಲ್ಲ ಸರ್."

"ಮೂವತ್ತೊಂದು?"

"ಗೊತ್ತಿಲ್ಲ."

ಲೋಟ ಕೆಳಗಿಟ್ಟರು. ನಾನೇ ತಡೆಯಲಾರದೆ ಕೇಳಿದೆ. "ಯಾಕ್ ಸರ್ ಹಂಗೆ ಬರೆದ್ರಿ? ಒಂದಲ್ಲ ಒಂದು ದಿನ ಯಾರಾದ್ರೂ ನೋಡ್ತಾರೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೇಟ್ನಾಗೆ ಕೀಲಿ ಕಲಿಸ್ತಾ ಕುಂತಿದ್ನಲ್ಲ, ಆಗ್ಲೇ ಅನ್ನಿಸ್ತು. ಇವ್ರು ಮೊದ್ಲು ತೆಗೆಯೋದು ಇದೇ ನಂಬರ್‌ಗಳನ್ನ ಅಂತ. ಅದಕ್ಕೆ ಆ ಎರಡಕ್ಷರ ಬುಟ್ಟೆ" ಎಂದರು. "ನೀನು ನೋಡ್ತೀಯ ಅಂತ ಗೊತ್ತಿತ್ತು ಬೇಟಿ. ಬೇರೆ ಯಾರಿಗೂ ಕಾಣಾಕಿಲ್ಲ ಅದು. ನೋಡಿ ಸುಮ್ಕಿರ್ತೀಯ ಅನ್ಕಂಡಿದ್ದೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನನ್ನ ಬಸ್ಸು ಬಂತು, ಹತ್ತಿದೆ.

ಅದಾದ ಮೇಲೂ ಅವರ ಮನೆಗೆ ಹೋಗಲಿಲ್ಲ. ಸುದ್ದಿ ಬಂದ ನಾಲ್ಕನೇ ದಿನ ಶಿರಾಕ್ಕೆ ಹೋದೆ. ಹೆಂಗಸಾದ್ದರಿಂದ ಒಳಗಿನ ಕೋಣೆಗೇ ಕರೆದುಕೊಂಡು ಹೋಗಿ ಕೂರಿಸಿದರು. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ನಾನು ಯಾರು ಎಂದು ಹೇಳಿದೆ. ಬಾಯಿಗೆ ಬಂದಂತೆ ಬೈದರೆ ಬೈಸಿಕೊಂಡು ಬರಬೇಕು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದೆ. ಅವರು ನನ್ನ ಕೈ ಹಿಡಿದುಕೊಂಡರು.

"ನೀನೇನಾ ಅದು? ಭಾಳ ಹೇಳ್ತಿದ್ರು ನಿನ್ನ ವಿಷ್ಯ. ಇಷ್ಟು ವರ್ಷ ಕೆಲಸ ಮಾಡಿ ಕೊನೇಗೆ ಒಂದು ತಪ್ಪು ಮಾಡ್ಬುಟ್ರಲ್ಲಮ್ಮ. ವಯಸ್ಸಾಗಿತ್ತು, ಮರೆವು. ಅದೇ ಕೊರಗು ಅವ್ರಿಗೆ. ನೀನು ನೋಡಿ ಸರಿ ಮಾಡಿದ್ಯಂತೆ. ಇಲ್ಲಾಂದ್ರೆ ಪೊಲೀಸು ಗಿಲೀಸು ಅಂತ ಆಗೋದಂತೆ. ದೇವರು ನಿನ್ನ ಚೆನ್ನಾಗಿ ಇಟ್ಟಿರ್ಲಿ."

ಹೆಂಗಸರಿಗೆ ಎಲ್ಲಿ ತೊಂದರೆಯಾದೀತೋ ಎಂದು ಮನೆಯಲ್ಲೂ ಹೇಳಿರಲಿಲ್ಲ. ಕಟ್ಟಿಕೊಂಡ ಹೆಂಡತಿಯ ಕಣ್ಣಿನಲ್ಲೂ ಕೆಲಸ ಕೆಡಿಸಿದವರಾಗಿಯೇ ಹೋಗಿದ್ದರು. ಅವರ ಸೊಸೆ ಶರಬತ್ತು ತಂದಿಟ್ಟಳು. ಕುಡಿಯಲಾಗಲಿಲ್ಲ.

"ಅವರು ತಪ್ಪು ಮಾಡಿರಲಿಲ್ಲ ಅಮ್ಮ" ಎಂದೆ. "ಗೊತ್ತಿದ್ದೇ ಬಿಟ್ಟಿದ್ರು. ಹನ್ನೊಂದು ಜನ ಹೆಂಗಸರ ಕೆಲಸ ಉಳೀಲಿ ಅಂತ. ಅದನ್ನ ಕೆಡಿಸಿದ್ದು ನಾನು. ಅವರಿಗೆ ಏನೂ ಗೊತ್ತಿಲ್ಲ ಅಂತ ಎಲ್ಲರ ಮುಂದೆ ಹೇಳಿದ್ದೂ ನಾನೇ."

ಅವರು ನನ್ನ ಮುಖವನ್ನೇ ನೋಡಿದರು. ಕಣ್ಣು ಒರೆಸಿಕೊಂಡು ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು.

"ಇರ್ಲಿ ಬುಡು ಬೇಟಿ. ಹೋದೋರ ಮೇಲೆ ತಪ್ಪು ಇರ್ಬಾರ್ದು ಅಂತ ಹಿಂಗೆಲ್ಲ ಹೇಳ್ತೀಯ. ಮೊನ್ನೆಯಿಂದ ಬಂದೋರೆಲ್ಲಾ ಒಳ್ಳೇ ಮಾತೇ ಆಡಿ ಹೋದ್ರು. ಶರಬತ್ತು ಕುಡಿ."